ವಿಜಯದಶಮಿಯ ಕೈ

ಹುಸೇನಬಿಯ ತಲೆಬುರುಡೆಯನ್ನು ಮಧ್ಯಾಹ್ನ ಹನ್ನೆರಡರೊಳಗೆ ಹತ್ತು ಸಾವಿರ ಸಲ ಕೊರೆದು ಮುಗಿದಿತ್ತು. ಹುಸೇನಬಿ ಮಾತ್ರ ಹೊರಗೆ ಬೆಂಚಿನ ಮೇಲೆ ಕೂತು, ಕಾಗದದ ಪೊಟ್ಟಣದಿಂದ ಗಿರಮಿಟ್ ತಿನ್ನುತ್ತಿದ್ದಳು.

ಕೊರೆದದ್ದು ಅವಳನ್ನಲ್ಲ, ಅವಳ ಪಡಿಯಚ್ಚನ್ನು. ಹುಬ್ಬಳ್ಳಿಯ ಆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಒಳಗೆ ಬೀರುವಿನಷ್ಟು ಎತ್ತರದ ಯಂತ್ರ, ಎರಡು ಪರದೆ, ಒಂದು ಕುರ್ಚಿ. ಕುರ್ಚಿಯಲ್ಲಿ ಇಂದುಮತಿ ಬಡಿಗೇರ. ಎಂಟು ವರ್ಷದಿಂದ ಅವಳದು ಇದೇ ಕೆಲಸ. ರೋಗಿಯ ಸ್ಕ್ಯಾನ್ ಬಂದ ಕೂಡಲೇ ಯಂತ್ರ ಅವರ ತಲೆಯೊಳಗಿನ ಒಂದೊಂದು ಎಲುಬಿನ ದಪ್ಪ, ಒಂದೊಂದು ರಕ್ತನಾಳದ ತಿರುವು ಹಿಡಿದು ಪಡಿಯಚ್ಚು ಕಟ್ಟುತ್ತದೆ. ಆಮೇಲೆ ಅದಕ್ಕೆ ಡಾಕ್ಟರ ಕೈ ಬೇಕು. ಡಾಕ್ಟರರು ಎಷ್ಟು ಒತ್ತುತ್ತಾರೆ, ಎಲ್ಲಿ ತಡೆಯುತ್ತಾರೆ, ಮಣಿಕಟ್ಟನ್ನು ಯಾವ ಕಡೆ ತಿರುಗಿಸುತ್ತಾರೆ, ಎಲ್ಲವನ್ನೂ ಒಂದು ಕೈಗವಸು ತೊಡಿಸಿ ಮೊದಲೇ ಬರೆಸಿಕೊಂಡಿರುತ್ತಾರೆ. ಅದಕ್ಕೆ ಕೈಜಾಡು ಎಂದು ಹೆಸರು. ಆ ಕೈಯನ್ನು ಈ ಬುರುಡೆಯ ಮೇಲೆ ಹತ್ತು ಸಾವಿರ ಸಲ ನಡೆಸುತ್ತದೆ ಯಂತ್ರ. ಒಮ್ಮೆ ಮೂಗಿನೊಳಗೆ ತೂರಿಸಿದ ದುರ್ಬೀನಿನ ಗಾಜಿಗೆ ರಕ್ತದ ಹನಿ ಸಿಡಿದರೆ, ಇನ್ನೊಮ್ಮೆ ರೋಗಿಯ ರಕ್ತದೊತ್ತಡ ಏರುತ್ತದೆ. ಹತ್ತು ಸಾವಿರದಲ್ಲಿ ಎಷ್ಟು ಕೆಟ್ಟವು ಎಂದು ಕೊನೆಗೆ ಒಂದು ಚೀಟಿ ಹೊರಬರುತ್ತದೆ. ನೂರರ ಒಳಗಾದರೆ ಹಸಿರು, ದಾಟಿದರೆ ಕೆಂಪು.

ಹಿಂದೆಲ್ಲ ಡಾಕ್ಟರರು ಯಾವುದೋ ದೇಶದ ಯಾರೋ ರೋಗಿಗಳ ಲೆಕ್ಕ ಹೇಳಿ "ನೂರಕ್ಕೆ ಮೂರು" ಅನ್ನುತ್ತಿದ್ದರು. ಈಗ ನಿಮ್ಮದೇ ಎಲುಬು, ನಿಮ್ಮದೇ ಡಾಕ್ಟರು. ಜನ ಇದನ್ನು ನಂಬಿದ್ದರು. ಇಂದುಮತಿಯೂ ನಂಬಿದ್ದಳು. ನಂಬದೇ ಇರುವುದಕ್ಕೂ ಸ್ವಲ್ಪ ಬಿಡುವು ಬೇಕು, ಅದು ಅವಳಿಗೆ ಇರಲಿಲ್ಲ.

ಹುಸೇನಬಿ ನದಾಫ, ವಯಸ್ಸು ಮೂವತ್ತನಾಲ್ಕು, ಊರು ಕಲಘಟಗಿ ಕಡೆ. ಎಡ ಹುಬ್ಬಿನ ಹಿಂದೆ, ಮೂಗಿಗೆ ಸೇರಿದ ಗಾಳಿಗೂಡಿನಲ್ಲಿ ಒಂದು ಎಲುಬಿನ ಗಂಟು, ನೆಲ್ಲಿಕಾಯಿಯಷ್ಟು. ಕ್ಯಾನ್ಸರ್ ಅಲ್ಲ. ಅದು ಜೀವ ತೆಗೆಯುವ ಜಾತಿಯದಲ್ಲ, ಜಾಗ ತಿನ್ನುವ ಜಾತಿಯದು. ಎರಡು ವರ್ಷದಿಂದ ತಲೆನೋವು. ಎಡಗಣ್ಣು ಕೂದಲೆಳೆಯಷ್ಟು ಮುಂದಕ್ಕೆ ಸರಿದಿತ್ತು. ಬಿಟ್ಟರೆ ಇನ್ನೂ ಸರಿಯುತ್ತದೆ. ಮೂಗಿನೊಳಗಿಂದ ದುರ್ಬೀನು ತೂರಿಸಿ, ಗಂಟನ್ನು ಒಳಗಿನಿಂದಲೇ ಟೊಳ್ಳು ಮಾಡಿ, ಉಳಿದ ತೆಳು ಚಿಪ್ಪನ್ನು ಬಿಡಿಸಿ ತೆಗೆಯಬೇಕು. ಚಿಪ್ಪಿನ ಒಂದು ಪಕ್ಕ ಕಣ್ಣಿನ ಗೋಡೆ, ಮೇಲುಗಡೆ ಮಿದುಳಿನ ನೆಲ.

"ಬಾ ತಂಗಿ, ಕೂಡು," ಎಂದಳು ಇಂದುಮತಿ. ಹಸಿರು ಚೀಟಿಯನ್ನು ಅವಳ ಮುಂದೆ ಸರಿಸಿದಳು. "ಅರವತ್ನಾಲ್ಕು ಬಂದೈತಿ. ಚೊಲೋ ಐತಿ. ಮೂವತ್ತೊಂಬತ್ತರಾಗ ಮಿದುಳಿನ ಪರದೆ ಹರದು ಮೂಗಿನಿಂದ ನೀರು ಸೋರೂದು. ಅದನ್ನ ಮತ್ತ ಮುಚ್ಚಬಹುದು. ಎಂಟರಾಗ ಕಣ್ಣಿನ ಹಿಂದ ರಕ್ತ. ಹದಿನೇಳರಾಗ ಕಣ್ಣು ಒಂದಕ್ಕೆರಡು ಕಾಣೂದು, ಕಾಯಂ."

ಹುಸೇನಬಿ ಚೀಟಿಯನ್ನು ತಿರುವಿ ಹಿಂಬದಿಯನ್ನೂ ನೋಡಿದಳು. ಕಸೂತಿಯವಳು. ಅವಳ ಕೆಲಸದಲ್ಲಿ ಬಟ್ಟೆಗೆ ಹಿಂದು ಮುಂದು ಎರಡೂ ಒಂದೇ.

"ಅಕ್ಕಾರ, ಆ ಅರವತ್ನಾಕು ಮಂದಿ ಈಗ ಎಲ್ಲಿ ಅದಾರ್ರಿ?"

"ಯಾರು?"

"ಕೆಟ್ಟೋದವರು. ಆ ಹದಿನೇಳು ಹೆಣ್ಮಕ್ಕಳು."

"ಅವರು ಯಾರೂ ಇಲ್ಲವಾ. ಎಲ್ಲಾ ನೀನ. ಯಂತ್ರದಾಗಿನ ನೀನು."

"ಅಂದ್ರ ಹದಿನೇಳು ಸಲ ನಾ ಕಸೂತಿ ಬಿಟ್ಟಂಗಾತು," ಎಂದಳು ಹುಸೇನಬಿ. ನಕ್ಕಳೋ ಇಲ್ಲವೋ ತಿಳಿಯಲಿಲ್ಲ. "ನಂದು ಎಳಿ ಎಣಿಸಿ ಹಾಕೂ ಕೆಲಸ ನೋಡ್ರಿ. ಕೆಳಗ ಗೆರಿ ಬರದಿರೂದಿಲ್ಲ. ಎರಡೆಳಿ ಬಿಟ್ಟು ಸೂಜಿ ಹಾಕು, ಮತ್ತ ಎರಡೆಳಿ. ಒಂದೆಳಿ ತಪ್ಪಿದ್ರ ಆನೀ ಸೊಂಡಿಲು ಬಾಲದಾಗ ಹೋಗಿ ಕೂಡತೈತಿ. ಒಂದಕ್ಕೆರಡು ಕಂಡ್ರ ನಾ ಏನು ಮಾಡ್ಲಿ?"

"ಹತ್ತು ಸಾವಿರಕ್ಕ ಹದಿನೇಳು ತಂಗಿ."

"ಹೌದ್ರಿ. ನಾನೂ ದಿನಾ ಎರಡು ಸಾವಿರ ಹೊಲಿಗಿ ಹಾಕತೀನಿ. ಹತ್ತು-ಹನ್ನೆರಡು ತಪ್ಪತಾವು." ಚೀಟಿಯನ್ನು ಮಡಚುತ್ತ ಕೇಳಿದಳು. "ಆದ್ರ ಮುಂಜಾನೆ ಒಂದೂ ತಪ್ಪೂದಿಲ್ರಿ. ತಪ್ಪೂದೆಲ್ಲಾ ಇಳಿಹೊತ್ತಿಗೆ. ಡಾಕ್ಟ್ರು ನಂದು ಎಷ್ಟೊತ್ತಿಗೆ ಮಾಡತಾರ?"

ಗುರುವಾರದ ಪಟ್ಟಿಯಲ್ಲಿ ಅವಳದು ನಾಲ್ಕನೆಯದು. ಕೆಂಪು ಚೀಟಿಯವರಿಗೆ ಮುಂಜಾನೆ, ಹಸಿರಿನವರಿಗೆ ಊಟದ ನಂತರ. ಆಸ್ಪತ್ರೆಯ ಪದ್ಧತಿ ಅದು.

"ಮೂರು ಗಂಟೆ ಸುಮಾರು," ಎಂದಳು ಇಂದುಮತಿ.

ಹುಸೇನಬಿ ಒಪ್ಪಿಗೆ ಕಾಗದವನ್ನು ಹತ್ತಿರ ಎಳೆದುಕೊಂಡಳು. ಸಹಿ ಮಾಡಿ ಎದ್ದು ಹೋದಳು.

*

ಆ ಸಂಜೆ ಇಂದುಮತಿ ರೊಟ್ಟಿ ಬಡಿಯುತ್ತಿದ್ದಳು. ದಿನಾ ಹದಿನೆಂಟು, ಮರುದಿನದ ಬುತ್ತಿಗೂ ಸೇರಿ. ಗಂಡನಿಗೆ ಬೆಳಗಾವಿಯಲ್ಲಿ ಕೆಲಸ, ಶನಿವಾರಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ಅತ್ತೆ, ಒಂಬತ್ತು ವರ್ಷದ ಮಗಳು ಚಿನ್ಮಯಿ. ಹಂಚಿನ ಕಾವು ಮುಖಕ್ಕೆ ಹೊಡೆಯುತ್ತಿತ್ತು, ಮಗಳು ಪಕ್ಕದಲ್ಲಿ ಕೂತು ಎಂಟರ ಮಗ್ಗಿಯನ್ನು ತಪ್ಪು ತಪ್ಪು ಹೇಳುತ್ತಿದ್ದಳು, ಇಂದುಮತಿ ತಿದ್ದದೆ ಬಿಟ್ಟಿದ್ದಳು.

ಅತ್ತೆ ತಟ್ಟೆ ಹಾಕಿದರು. ಚಿನ್ಮಯಿ ರೊಟ್ಟಿಯ ಅಟ್ಟಿಯನ್ನೇ ಎತ್ತಿ ಬುಡಕ್ಕೆ ಕೈ ಹಾಕಿದಳು.

"ಮ್ಯಾಲಿಂದು ತಗೊಳ್ಳೇ," ಎಂದಳು ಇಂದುಮತಿ.

"ಬ್ಯಾಡ. ಮ್ಯಾಲಿನವು ಸೀಳಿರತಾವು. ಬುಡದಾಗಿನವು ಚೊಲೋ ಇರತಾವು."

ಅತ್ತೆ ನಕ್ಕರು. "ಖರೇನ ಅಂತೈತಿ ಕೂಸು. ಮೊದಲಿನವು ನೀ ಬಡದಿದ್ದು ಇಂದೂ. ಕಡೀವು ನಿನ್ನ ಸಿಟ್ಟು ಬಡದಿದ್ದು."

ಇಂದುಮತಿ ಅಟ್ಟಿಯ ಕಡೆ ನೋಡಿದಳು. ಬುಡದ ರೊಟ್ಟಿಗಳು ದುಂಡಗೆ, ತೆಳ್ಳಗೆ. ಹನ್ನೆರಡು ದಾಟಿದ ಮೇಲೆ ಅಂಚು ಬಿರಿದಿತ್ತು. ಹಿಟ್ಟು ಅದೇ, ನೀರು ಅದೇ, ಕೈಯೂ ಅವಳದೇ. ಕೈ ಸೋತಿತ್ತು ಅನ್ನಲೂ ಆಗದು. ನೋವೇನೂ ಇರಲಿಲ್ಲ. ನಾದುವುದು ಸಾಕೆಂದು ಬೇಗ ಬಿಟ್ಟಿದ್ದಳು, ಅಷ್ಟೇ. ಇನ್ನು ನಾಲ್ಕು ಸುತ್ತು ಬಡಿಯಬೇಕಾದದ್ದನ್ನು ಬಡಿಯದೆ ಹಂಚಿಗೆ ಎಸೆದಿದ್ದಳು. ಮುಗಿದರೆ ಸಾಕಾಗಿತ್ತು.

ಅಲ್ಲಿಯೇ, ಕೈಯಲ್ಲಿ ಹಿಟ್ಟು ಇರುವಂತೆಯೇ, ಅವಳಿಗೆ ದಸರೆ ನೆನಪಾಯಿತು.

ಆಸ್ಪತ್ರೆಯಲ್ಲಿ ಖಂಡೆಪೂಜೆಯ ದಿನ ಶಸ್ತ್ರಚಿಕಿತ್ಸೆಯ ಅಷ್ಟೂ ಸಾಮಾನು ತೊಳೆದು, ಯಂತ್ರಗಳಿಗೆ ಕುಂಕುಮ ಹಚ್ಚಿ, ಚೆಂಡುಹೂವು ಏರಿಸುತ್ತಾರೆ. ಮಾರನೆಯ ದಿನ ವಿಜಯದಶಮಿ, ಹೊಸದನ್ನು ತೊಡಗುವ ಶುಭದಿನ. ಅಂದು ಪ್ರತಿ ವರ್ಷ ಡಾಕ್ಟರರ ಕೈಜಾಡು ಹೊಸದಾಗಿ ಬರೆಸುತ್ತಾರೆ. ಎರಡು ದಿನ ಆಪರೇಷನ್ ಇರುವುದಿಲ್ಲ. ಡಾಕ್ಟರರು ಚೆನ್ನಾಗಿ ನಿದ್ದೆ ಮಾಡಿ, ಹೋಳಿಗೆ ಉಂಡು, ಹೊಸ ಅಂಗಿ ತೊಟ್ಟು ಬರುತ್ತಾರೆ. ಇಂದುಮತಿ ತಾನೇ ಅವರ ಕೈಗೆ ಬನ್ನಿ ಎಲೆ ಕೊಟ್ಟು, ಆಮೇಲೆ ಆ ಕೈಗೆ ಗವಸು ತೊಡಿಸಿದ್ದಳು. ಎಂಟು ವರ್ಷ, ಎಂಟು ಸಲ.

ಯಂತ್ರಕ್ಕೆ ಗೊತ್ತಿದ್ದದ್ದು ಹಬ್ಬದ ಕೈ ಒಂದೇ. ಮೂರು ಗಂಟೆಯ ಕೈಯನ್ನು ಅದು ಎಂದೂ ನೋಡಿರಲಿಲ್ಲ.

"ರೊಟ್ಟಿ ಹೊತ್ತಿತು ನೋಡವಾ!" ಎಂದರು ಅತ್ತೆ.

*

ಮರುದಿನ ಮಂಗಳವಾರ. ಅವಳು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು.

ಪ್ರತಿ ಆಪರೇಷನ್ನಿನಲ್ಲೂ ದುರ್ಬೀನು ಕಂಡದ್ದೆಲ್ಲ ಚಿತ್ರವಾಗಿ ಉಳಿಯುತ್ತದೆ, ಉಪಕರಣದ ಒತ್ತಡ, ತಿರುವು ಎಲ್ಲ ದಾಖಲಾಗುತ್ತದೆ. ಅವು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಹುಸೇನಬಿಯ ಆಪರೇಷನ್ ಮಾಡಲಿದ್ದ ಡಾಕ್ಟರ್ ಗುರುಪಾದ ಹಂಚಿನಮನಿಯವರು ಕಳೆದ ಮೂರು ತಿಂಗಳು ಮಾಡಿದ ಆಪರೇಷನ್ನುಗಳಲ್ಲಿ ದಿನದ ನಾಲ್ಕನೆಯವನ್ನು ಮಾತ್ರ ಆರಿಸಿ, ಅವುಗಳಿಂದ ಇನ್ನೊಂದು ಕೈಜಾಡು ಕಟ್ಟಿದಳು. ದಿನದ ಮೊದಲ ಎರಡರಿಂದ ಮತ್ತೊಂದು. ಎರಡನ್ನೂ ಹುಸೇನಬಿಯ ಬುರುಡೆಯ ಮೇಲೆ ಬಿಟ್ಟು, ಚಹಾ ಕುಡಿಯಲು ಹೋದಳು. ಚಹಾ ಕುಡಿಯಲಿಲ್ಲ, ಲೋಟ ಹಿಡಿದು ನಿಂತಿದ್ದಳು.

ಮುಂಜಾನೆಯ ಕೈ: ಎಂಬತ್ತೆಂಟು.

ಮೂರು ಗಂಟೆಯ ಕೈ: ನಾನೂರ ಎರಡು. ಅದರಲ್ಲಿ ಒಂದಕ್ಕೆರಡು ಕಾಣುವುದು ಇನ್ನೂರ ಮೂವತ್ತೊಂದು.

ಅವಳು ಆ ಇನ್ನೂರ ಮೂವತ್ತೊಂದನ್ನು ಒಂದೊಂದಾಗಿ ನೋಡತೊಡಗಿದಳು. ಎಲ್ಲದರಲ್ಲೂ ಅದೇ ಜಾಗ. ಗಂಟು ಟೊಳ್ಳಾಗಿದೆ, ಚಿಪ್ಪು ಇನ್ನೂ ಸಾಕಷ್ಟು ತೆಳುವಾಗಿಲ್ಲ, ಇನ್ನು ಹತ್ತು ನಿಮಿಷ ಕೊರೆಯಬೇಕು. ಅಲ್ಲಿ ಕೈ ಕೊರೆಯುವುದನ್ನು ಬಿಟ್ಟು ಇಕ್ಕಳ ಹಿಡಿಯುತ್ತದೆ. ಮಣಿಕಟ್ಟು ಬಲಕ್ಕೆ ಸ್ವಲ್ಪ ತಿರುಗುತ್ತದೆ. ಚಿಪ್ಪಿನ ಜೊತೆ ಕಣ್ಣಿನ ಗೋಡೆಯೂ ಕಿತ್ತು ಬರುತ್ತದೆ. ನಲವತ್ತು ನೋಡುವಷ್ಟರಲ್ಲಿ ಆ ತಿರುವು ಅವಳಿಗೆ ಬಾಯಿಪಾಠವಾಯಿತು.

ಹುಸೇನಬಿಗೆ ಹಸಿರು ಚೀಟಿ ಕೊಟ್ಟದ್ದು ಹಬ್ಬದ ಕೈ. ಹಸಿರು ಬಂತೆಂದೇ ಅವಳನ್ನು ನಾಲ್ಕನೆಯವಳಾಗಿ ಹಾಕಿದ್ದರು. ಎಂಟು ವರ್ಷದಲ್ಲಿ ಹಾಗೆ ಇಳಿಹೊತ್ತಿಗೆ ಹೋದವರು ಎಷ್ಟು ಜನ ಎಂದು ಲೆಕ್ಕ ಹಾಕಲು ಹೊರಟವಳು ನಿಲ್ಲಿಸಿದಳು. ಇವತ್ತಿಗೆ ಒಬ್ಬಳು ಸಾಕು.

*

"ನನ್ನ ಕೇಳದ ನನ್ನ ಕೈ ತಗೊಂಡೀರಿ," ಎಂದರು ಹಂಚಿನಮನಿ.

"ತಗೊಂಡೀನ್ರಿ ಸರ್."

"ಯಾರ್‍ಯಾರಿಗೆ ತೋರಿಸೀರಿ?"

"ಈ ಚಿತ್ರ ನಿಮಗ ಮೊದಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಐವತ್ತೆರಡರ ಮನುಷ್ಯ. ಮೂಗಿನ ಇಕ್ಕೆಲದಲ್ಲಿ ಕನ್ನಡಕದ ಗುರುತು ಕಾಯಂ ಆಗಿ ಕೂತಿತ್ತು. "ಬಡಿಗೇರವರ, ಇಪ್ಪತ್ತಾರು ವರ್ಷ ಆತು ನಾ ಈ ಕೆಲಸ ಮಾಡಾಕತ್ತು. ನನ್ನ ಕೈ ನಡುಗತೈತೇನು? ಇಲ್ಲಿ ನೋಡ್ರಿ." ಕೈ ಚಾಚಿದರು. ನಡುಗಲಿಲ್ಲ.

"ನಡುಗೂದಿಲ್ರಿ ಸರ್. ನಾ ಹಂಗ ಅಂದಿಲ್ಲ."

"ಮತ್ತ?"

"ನೀವ ನೋಡ್ರಿ."

ಪರದೆಯಲ್ಲಿ ಒಂದನ್ನು ಹಚ್ಚಿದಳು, ಆಮೇಲೆ ಇನ್ನೊಂದು. ಐದನೆಯದಕ್ಕೆ ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಒಂಬತ್ತನೆಯದರಲ್ಲಿ, ಇಕ್ಕಳ ಬರುವ ಮೊದಲೇ, "ಇನ್ನೂ ಕೊರಿಯೋ," ಎಂದು ಪರದೆಗೆ ಹೇಳಿದರು. ಕೈ ಕೊರೆಯಲಿಲ್ಲ. ಮಣಿಕಟ್ಟು ತಿರುಗಿತು.

ಹೊರಗೆ ಯಾರೋ ಸ್ಟ್ರೆಚರಿನ ಗಾಲಿಗೆ ಎಣ್ಣೆ ಹಾಕಿಲ್ಲವೆಂದು ಜಗಳವಾಡುತ್ತಿದ್ದರು.

"ಈ ಮನಷ್ಯಾಗ ಮನಿಗೆ ಹೋಗೂದೈತಿ ನೋಡ್ರಿ," ಎಂದರು ಹಂಚಿನಮನಿ, ಪರದೆಯಲ್ಲಿನ ತಮ್ಮದೇ ಕೈಯನ್ನು ತೋರಿಸುತ್ತ.

"ಎಲ್ಲಾರಿಗೂ ಹೋಗೂದಿರತೈತ್ರಿ ಸರ್."

"ನಿಮಗ ಹೆಂಗ ಹೊಳೀತು ಇದು?"

"ರೊಟ್ಟಿ ಬಡಿಯೂವಾಗ."

ಅವರು ಸಿಡುಕುತ್ತಾರೆಂದುಕೊಂಡಿದ್ದಳು. ಸಿಡುಕಲಿಲ್ಲ. "ಆಕೀನ್ನ ಮುಂಜಾನೆ ತಗೊಂಡ್ರ ಮುಂಜಾನೆ ಇದ್ದವರನ್ನ ಎಲ್ಲಿ ಹಾಕಲಿ?" ಎಂದರು. "ಕೆಂಪು ಚೀಟಿಯವರನ್ನ ಇಳಿಹೊತ್ತಿಗೆ ತಳ್ಳಲೇನು? ನಾಕನೇದು ಯಾರಾರ ಒಬ್ಬರು ಆಗೇ ಆಗತಾರ. ಹೊರಗ ಇನ್ನೂರು ಮಂದಿ ಸರತಿ ಐತಿ. ಅವರ ಗಂಟುಗೋಳು ಬೆಳಿಯೂದು ನಿಂದ್ರಸತಾವೇನು ನನಗೋಸ್ಕರ?"

ಅವಳು ತಂದಿದ್ದು ಒಂದು ಅಂಕಿ ಮಾತ್ರ.

"ಆಕಿ ಕಸೂತಿ ಹಾಕತಾಳ್ರಿ ಸರ್," ಎಂದಳು. "ಎಳಿ ಎಣಿಸಿ."

ಹಂಚಿನಮನಿ ಪಟ್ಟಿ ಎಳೆದುಕೊಂಡು ಹುಸೇನಬಿಯ ಹೆಸರನ್ನು ಎರಡನೆಯ ಸಾಲಿಗೆ ಬರೆದರು. ಮೂರನೆಯದಾಗಿದ್ದ ನವಲಗುಂದದ ನಿವೃತ್ತ ಮಾಸ್ತರರು ನಾಲ್ಕಕ್ಕೆ ಇಳಿದರು. "ನಾಕನೇದರ ವಿಚಾರ ಆವತ್ತ ನೋಡೋಣ," ಎಂದರು. ಅವಳು ಬಾಗಿಲ ತನಕ ಹೋದಾಗ ಕೇಳಿದರು. "ಇದು ಗೊತ್ತಾದ ಮ್ಯಾಲೆ ಆಕಿಗೆ ಹೊಸಾ ಚೀಟಿ ಕೊಡಬೇಕಲ್ಲಾ?"

"ಕೊಟ್ಟೀನ್ರಿ, ಆಕಿ ಫೋನಿಗೆ. ಮೂರೂ ಅಂಕಿ ಬರದು, ಯಾವುದು ಎಷ್ಟೊತ್ತಿಂದು ಅಂತ."

"ನನ್ನ ಕೇಳೂಕ್ಕಿಂತ ಮೊದಲ?"

"ಆಕಿ ಮೊದಲ ಕೇಳಿದ್ಲ್ರಿ ಸರ್."

*

ಗುರುವಾರ ಹತ್ತೂಕಾಲಿಗೆ ಹುಸೇನಬಿಯನ್ನು ಒಳಗೆ ಒಯ್ದರು. ಗಾಜಿನ ಆಚೆಯ ಕೋಣೆಯಲ್ಲಿ ಇಂದುಮತಿ ಪರದೆಯ ಮುಂದೆ ಕೂತಳು. ಪಡಿಯಚ್ಚನ್ನು ಪಕ್ಕದಲ್ಲಿ ತೆರೆದಿಡುವುದು ಅವಳ ಕೆಲಸ, ಡಾಕ್ಟರರು ಎಲ್ಲಿದ್ದಾರೆಂದು ತೋರಿಸಲು.

ಒಂದೂವರೆ ಗಂಟೆ ಕೊರೆತವೇ ನಡೆಯಿತು. ನೀರು ಹರಿಯುತ್ತಿತ್ತು, ಎಲುಬಿನ ಬಿಳಿ ಪುಡಿ ತೊಳೆದು ಹೋಗುತ್ತಿತ್ತು. ಗಂಟು ಟೊಳ್ಳಾಯಿತು, ತೆಳುವಾಯಿತು, ಈರುಳ್ಳಿಯ ಪೊರೆಯಂತೆ ಪಾರದರ್ಶಕವಾಯಿತು. ಹಂಚಿನಮನಿ ಚಿಪ್ಪನ್ನು ತುಂಡು ತುಂಡಾಗಿ ಬಿಡಿಸಿದರು. ಮಿದುಳಿನ ನೆಲದ ಕಡೆಯದು ಬಂತು. ಪರದೆ ಹರಿಯಲಿಲ್ಲ. ನಡುವಿನದು ಬಂತು. ಕಣ್ಣಿನ ಗೋಡೆಗೆ ಅಂಟಿದ ಒಂದು ಚೂರು ಮಾತ್ರ, ಜೋಳದ ಕಾಳಿನಷ್ಟು, ಬರಲಿಲ್ಲ. ಕೊರೆಯೋಣವೆಂದರೆ ಹಿಂದೆ ಗೋಡೆಯೇ ಕಾಗದದಷ್ಟು ತೆಳು.

ಇಕ್ಕಳ ಬಂತು. ಚೂರನ್ನು ಹಿಡಿಯಿತು. ಮಣಿಕಟ್ಟು ಬಲಕ್ಕೆ ಸ್ವಲ್ಪ ತಿರುಗತೊಡಗಿತು.

ಇಂದುಮತಿ ಇದನ್ನು ಇನ್ನೂರ ಮೂವತ್ತೊಂದು ಸಲ ನೋಡಿದ್ದಳು. ಮುಂದಿನದು ಗೊತ್ತಿತ್ತು. ಎದ್ದು ನಿಂತಳು. ಮಾತಾಡುವ ಗುಂಡಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. ಒತ್ತಿದರೆ ಬೆಚ್ಚುವ ಕೈ ಎತ್ತ ಹೋಗುತ್ತದೋ ಯಾವ ಯಂತ್ರವೂ ಲೆಕ್ಕ ಹಾಕಿರಲಿಲ್ಲ.

ಕೈ ನಿಂತಿತು. ನಾಲ್ಕು ಉಸಿರಿನಷ್ಟು ಹೊತ್ತು ಹಾಗೆಯೇ ಇತ್ತು. ಇಕ್ಕಳ ಬಾಯಿ ಬಿಟ್ಟಿತು, ಚೂರನ್ನು ಅಲ್ಲೇ ಬಿಟ್ಟು ಹಿಂದೆ ಸರಿಯಿತು.

"ಇದು ಇಲ್ಲೇ ಇರಲಿ," ಎಂದಿತು ಸ್ಪೀಕರಿನಲ್ಲಿ ಹಂಚಿನಮನಿಯವರ ದನಿ. "ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ. ಬೆಳದ್ರ ಬೆಳೀಲಿ, ಆವಾಗ ನೋಡಿದ್ರಾತು. ತೊಳೀರಿ."

ಅವಳು ಕೂತಳು. ಸೊಂಟ ಹಿಡಿದುಕೊಂಡಿತ್ತು.

ಮೂರು ಗಂಟೆಗೆ ಹಂಚಿನಮನಿ ಮೂರನೆಯದನ್ನು ಮುಗಿಸಿ ಹೊರಬಂದು, ಕೈ ತೊಳೆದು, ನಲ್ಲಿ ನಿಲ್ಲಿಸಿ, ಮತ್ತೆ ನಲ್ಲಿ ತಿರುಗಿಸಿದರು. ಆಮೇಲೆ ಟೊಪ್ಪಿಗೆ ತೆಗೆದರು. "ಮಾಸ್ತರರಿಗೆ ಸೋಮವಾರ ಮುಂಜಾನೆ ಅಂತ ಹೇಳ್ರಿ. ನಾ ಹೇಳಿದ್ರ ಅವರು ಬೈಯೂದಿಲ್ಲ. ನೀವ ಹೇಳ್ರಿ, ಬೈಲಿ. ಬೈದ್ರ ಸಮಾಧಾನ ಆಗತೈತಿ ಅವರಿಗೆ."

ಮಾಸ್ತರರು ಬೈದರು. ನಿನ್ನೆಯಿಂದ ಉಪವಾಸ ಇದ್ದ ಮನುಷ್ಯ. "ನಿಮ್ಮ ಡಾಕ್ಟರಗ ದಣಿವಾದ್ರ ನಾ ಯಾಕ ಉಪವಾಸ ಬೀಳಬೇಕವಾ? ಮೂವತ್ತೈದು ವರ್ಷ ಸಾಲಿ ಕಲಿಸೀನಿ, ಒಂದು ದಿನಾರ ದಣಿವಾತಂತ ಗಂಟಿ ಮೊದಲ ಬಾರಿಸೀನೇನು?"

"ಇಲ್ರಿ ಸರ್."

"ಏನು ಇಲ್ಲ? ಬಾರಿಸೀನಿ!" ಎಂದರು ಮಾಸ್ತರರು, ಇನ್ನೂ ಜೋರಾಗಿ. ಆಮೇಲೆ ದನಿ ಇಳಿಯಿತು. "ಕಡೀ ತಾಸಿನಾಗ ಲೆಕ್ಕಾ ಕಲಿಸಿದ್ದು ಯಾವ ಹುಡುಗಗೂ ತಲಿಗೆ ಹತ್ತಲಿಲ್ಲ. ಇರ್ಲಿ. ತಿನ್ನಾಕ ಏನಾರ ಸಿಗತೈತೇನು ಇಲ್ಲೆ?"

ಅವಳು ಕೆಳಗಿನ ಗಾಡಿಯಿಂದ ಗಿರಮಿಟ್ ತಂದುಕೊಟ್ಟಳು. ಸರತಿಯ ಪಟ್ಟಿ ಅಂದಿಗೆ ಒಂದು ಹೆಸರು ಉದ್ದವಾಯಿತು. ಸೋಮವಾರ ಇನ್ನೊಂದು ಆಗುತ್ತದೆ. ಇದಕ್ಕೆ ಆಡಳಿತದವರು ಏನನ್ನುತ್ತಾರೋ, ಅವಳನ್ನು ಆ ಕುರ್ಚಿಯಲ್ಲಿ ಎಷ್ಟು ದಿನ ಇಡುತ್ತಾರೋ ಗೊತ್ತಿರಲಿಲ್ಲ.

*

ಶನಿವಾರ ಬೆಳಿಗ್ಗೆ ವಾರ್ಡಿಗೆ ಹೋದಾಗ ಹುಸೇನಬಿ ಕಿಟಕಿಯ ಪಕ್ಕದ ಮಂಚದಲ್ಲಿ ಎದ್ದು ಕೂತಿದ್ದಳು. ಮೂಗಿಗೆ ಹತ್ತಿ, ಎಡಗಣ್ಣಿನ ಸುತ್ತ ನೀಲಿ ಬಾವು. ಹಂಚಿನಮನಿ ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದರು. ಕೈಗಳು ಜೇಬಿನಲ್ಲಿದ್ದವು.

"ಒಂದ ಕಾಣತೈತಿ ಅಂತ ಹೇಳ್ಯಾಳ," ಎಂದರು ಮೆಲ್ಲಗೆ. "ಖರೇ ಹೇಳ್ತಾಳೋ ನನ್ನ ಸಮಾಧಾನಕ್ಕ ಹೇಳ್ತಾಳೋ."

ಹುಸೇನಬಿ ತಲೆದಿಂಬಿನ ಕೆಳಗಿಂದ ಮಡಚಿದ ಸೀರೆಯ ಸೆರಗೊಂದನ್ನು ಎಳೆದಳು. ಅರ್ಧ ಮುಗಿದ ಕಸೂತಿ, ಕಪ್ಪು ಬಟ್ಟೆಯ ಮೇಲೆ ಕೆಂಪು ಆನೆಗಳ ಸಾಲು. ಬೆಳಕಿಗೆ ಹಿಡಿದಳು. ಬಲಗಣ್ಣು ಮುಚ್ಚಿ ನೋಡಿದಳು, ಎಡಗಣ್ಣು ಮುಚ್ಚಿ ನೋಡಿದಳು, ಆಮೇಲೆ ಎರಡನ್ನೂ ತೆರೆದಳು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಮೊದಲ ಆನೆ ದಾಟಿತು. ಎರಡನೆಯದು ದಾಟಿತು. ಮೂರನೆಯದರ ಸೊಂಡಿಲ ಹತ್ತಿರ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಎಣಿಸಿದಳು. ಮತ್ತೆ ಅಲ್ಲೇ ನಿಂತಿತು.

ಬಾಗಿಲಲ್ಲಿ ಹಂಚಿನಮನಿಯವರ ಕೈ ಜೇಬಿನಿಂದ ಹೊರಬಂತು.

"ಏನಾತು ತಂಗಿ?" ಇಂದುಮತಿ ಮಂಚಕ್ಕೆ ಹತ್ತಿರ ಸರಿದಳು. "ಎರಡು ಕಾಣಾಕತ್ತೈತೇನು?"

"ಇಲ್ರಿ ಅಕ್ಕಾರ." ಹುಸೇನಬಿ ಸೂಜಿಯ ತುದಿಯಿಂದ ಒಂದು ಹೊಲಿಗೆಯನ್ನು ಎತ್ತಿ ತೋರಿಸಿದಳು. "ಇಲ್ಲಿ ನೋಡ್ರಿ, ಒಂದೆಳಿ ತಪ್ಪೀನಿ. ಇದು ಸೋಮವಾರ ಹಾಕಿದ್ದು, ನಿಮ್ಮ ಕಡೆಯಿಂದ ಹೋಗಿ ಬಸ್ ಸ್ಟ್ಯಾಂಡಿನಾಗ ಕುಂತಾಗ. ಇಳಿಹೊತ್ತಾಗಿತ್ತು."

ಇಂದುಮತಿ ಬಾಗಿ ನೋಡಿದಳು. ಅವಳಿಗೆ ಮೂರೂ ಆನೆಗಳು ಒಂದೇ ಥರ ಕಂಡವು. ಹುಸೇನಬಿ ಆಗಲೇ ದಾರವನ್ನು ಬಿಚ್ಚತೊಡಗಿದ್ದಳು, ಒಂದೊಂದೇ ಹೊಲಿಗೆ, ಬಟ್ಟೆ ಜಗ್ಗದಂತೆ, ಸಾವಕಾಶ.

"ಈಗ ಬಿಚ್ಚಬ್ಯಾಡ. ಮಲಗು," ಎಂದಳು ಇಂದುಮತಿ. "ಒಂದ ಎಳಿ. ಯಾರಿಗೆ ಕಾಣತೈತಿ?"

ಹುಸೇನಬಿ ತಲೆ ಎತ್ತಲಿಲ್ಲ.

"ನನಗ ಕಾಣತೈತಲ್ರಿ."